ಹೊಳೆಹುಳ ಎದ್ದ ಮರುದಿನ

ಹೊಸಬಾಳೆಯ ಗುತ್ಯಪ್ಪನಿಗೆ ಪಂಚಾಂಗ ಓದಲು ಬರುತ್ತಿರಲಿಲ್ಲ. ಮುಂಗಾರಿನ ಲೆಕ್ಕವನ್ನು ಅವನು ಹೊಳೆಹುಳದಿಂದ ಹಿಡಿಯುತ್ತಿದ್ದ. ವರ್ಷಕ್ಕೊಮ್ಮೆ, ಮೊದಲ ಹನಿ ಬಿದ್ದ ಮೇಲಿನ ಯಾವುದೋ ಸಂಜೆ, ದಂಡಾವತಿ ಹೊಳೆಯ ನೀರಿನೊಳಗಿಂದ ಲಕ್ಷಗಟ್ಟಲೆ ಹುಳಗಳು ಒಟ್ಟಿಗೆ ಮೇಲೇಳುತ್ತಿದ್ದವು. ತೆಳು ಬಿಳಿ ರೆಕ್ಕೆ, ಕೂದಲೆಳೆಯಂಥ ಬಾಲ. ಈಸಲು ಹುಳದ ಹಾಗೆ ಹುರಿದು ತಿನ್ನುವಂಥದ್ದಲ್ಲ. ಬೆಳಗಾಗುವುದರೊಳಗೆ ಸತ್ತು ದಡದಲ್ಲಿ ರಾಶಿ ಬೀಳುತ್ತಿದ್ದವು.

ಈಗ ಅಲ್ಲಿ ಸಿಮೆಂಟು ಸೇತುವೆಯಿದೆ. ಐವತ್ತರ ದಶಕದ ಕೊನೆಯಲ್ಲಿ ಇದ್ದದ್ದು ಕಾಲುಸಂಕ. ಮನೆಗೆರಡರಂತೆ ಊರವರು ಕೊಟ್ಟ ಬಿದಿರಿನಲ್ಲಿ ಗುತ್ಯಪ್ಪ ಅದನ್ನು ದೀಪಾವಳಿ ಕಳೆದ ಮೇಲೆ ಕಟ್ಟುತ್ತಿದ್ದ, ಮಳೆಗಾಲಕ್ಕೆ ಮುಂಚೆ ಬಿಚ್ಚುತ್ತಿದ್ದ. ತಡ ಮಾಡಿದರೆ ಬಿದಿರೆಲ್ಲ ನೀರುಪಾಲು. ಹೊಳೆಹುಳ ಎದ್ದ ಮರುದಿನ ಬೆಳಿಗ್ಗೆ ಬಿಚ್ಚುವುದು ಅವನು ತಾನೇ ಮಾಡಿಕೊಂಡ ಕಟ್ಟಳೆ. ಇಪ್ಪತ್ತು ವರ್ಷ ಅದು ತಪ್ಪಿರಲಿಲ್ಲ.

ಐವತ್ತೆಂಟರ ಜೂನ್. ಮಗಳು ಬಂಗಾರಮ್ಮ ಈಸೂರಿನ ಗಂಡನ ಮನೆಯಲ್ಲಿ ಒಂಬತ್ತು ತಿಂಗಳ ಬಸುರಿ. ಚೊಚ್ಚಲ ಹೆರಿಗೆಗೆ ಏಳರಲ್ಲೇ ಕರೆತರಬೇಕಿತ್ತು. ಬೀಗರ ಮನೆಯಲ್ಲಿ ಸೂತಕ ಬಂದು ದಿನ ಮುಂದೆ ಹೋಗಿತ್ತು. ಗುರುವಾರ ಶಿಕಾರಿಪುರದಿಂದ ಸೊರಬದ ಬಸ್ಸು ಹತ್ತಿ, ಹೊಳೆಯಾಚೆಯ ರಸ್ತೆಯಲ್ಲಿ ಇಳಿದು, ಸಂಕ ದಾಟಿದರೆ ತವರು. ಸಂಕವಿಲ್ಲದಿದ್ದರೆ ಗಾಡಿದಾರಿಯಲ್ಲಿ ಹನ್ನೆರಡು ಮೈಲಿ ಸುತ್ತು.

ಮಂಗಳವಾರ ಸಂಜೆಯೇ ಹುಳ ಎದ್ದವು. ದಡದಲ್ಲಿ ಗುತ್ಯಪ್ಪನೊಬ್ಬನೇ ಇದ್ದ. ತಿರುವಿನಿಂದ ತಿರುವಿನವರೆಗೆ ನೀರು ಕಾಣದಷ್ಟು ಹುಳ. ಮನೆಗೆ ಬಂದವನು ಜಗಲಿಯ ಮೇಲೆ ಕೂತ. ಹೆಂಡತಿ ವರದಮ್ಮ ಅವನ ತಲೆಯಿಂದ ಒಂದು ಹುಳ ತೆಗೆದು ದೀಪಕ್ಕೆ ಹಿಡಿದು ನೋಡಿದಳು. “ಇನ್ನೆರಡು ದಿನ ತಡಿಯಕ್ಕೆ ಏನಾಗಿತ್ತು ಇವಕ್ಕೆ” ಎಂದಳು.

ಬುಧವಾರ ಮಬ್ಬುಗತ್ತಲಿನಲ್ಲೇ ಅವನು ಕೊಟ್ಟಿಗೆಯ ಪೊರಕೆ ಹಿಡಿದು ಹೊಳೆಗೆ ಹೋದ. ಬಟ್ಟೆ ಒಗೆಯುವ ಕಲ್ಲುಗಳ ಮೇಲೆ, ಸಂಕದ ಗೂಟಗಳ ಸುತ್ತ ಬಿದ್ದ ಸತ್ತ ಹುಳಗಳನ್ನು ನೀರಿಗೆ ಗುಡಿಸತೊಡಗಿದ. ಹೆಂಗಸರು ಕೊಡ ತರುವುದರೊಳಗೆ ಗುರುತು ಅಳಿಯಬೇಕಿತ್ತು. ಅವರಿಗಿಂತ ಮೊದಲು ಎತ್ತು ತೊಳೆಯಲು ನೆರೆಮನೆಯ ಕರಿಯಣ್ಣ ಬಂದ.

“ಎಂಥ ಮಾರಾಯ ಗುತ್ಯಣ್ಣ, ಹೊಳೆ ಗುಡಿಸದು ಯಾವಾಗಿಂದ ಶುರು ಮಾಡ್ದೆ?”

ಗುತ್ಯಪ್ಪ ಗುಡಿಸುತ್ತಲೇ ಇದ್ದ. ಕರಿಯಣ್ಣ ಬಾಗಿ ಕಲ್ಲಿನ ಮೇಲಿದ್ದುದನ್ನು ಬೆರಳಲ್ಲಿ ಒತ್ತಿ ನೋಡಿದ.

“ನಿನ್ನೆ ಎದ್ದಾವಾ?”

“ಎದ್ದಾವೆ.”

“ಹೋದ ವರ್ಷ ನನ್ನ ತಮ್ಮನ ದಿಬ್ಬಣ ಆಚೆ ದಡಕ್ಕೆ ಬಂದು ನಿಂತಿತ್ತು. ನೀ ಬಿಚ್ಚಕ್ಕೆ ಹತ್ತಿದ್ದೆ. ಒಂದು ತಾಸು ತಡಿ ಅಂದ್ರೆ, ಹುಳ ಎದ್ದಾವೆ ಅಂದೆ.”

“ಅಂದಿದ್ದೆ.” ಗುತ್ಯಪ್ಪ ಪೊರಕೆ ಕೆಳಗಿಟ್ಟ. “ನಾಳೆ ಮಗಳು ಬರ್ತಾಳೆ ಕರಿಯಣ್ಣ. ದಿನ ತುಂಬಿದೆ.”

ಕರಿಯಣ್ಣ ಎತ್ತಿನ ಬೆನ್ನಿಗೆ ಎರಡು ಬೊಗಸೆ ನೀರು ಎರಚಿದ.

“ಸಂಕ ತೇಲಿ ಹೋದ್ರೆ ಬರೋ ವರ್ಷ ನಿಂಗೆ ಯಾರೂ ಒಂದು ಬಿದಿರು ಕೊಡಲ್ಲ. ಬಿಚ್ಚು. ನಾಳೆ ಗಾಡಿ ನಾ ಹೂಡ್ತೀನಿ. ಆ ದಾರೀಲಿ ಗುಂಡಿ ಎಲ್ಲೆಲ್ಲಿದಾವೆ ಅಂತ ಹೋದ ವರ್ಷ ದಿಬ್ಬಣ ಸುತ್ತಿಸಿ ನೀನೇ ಕಲಿಸಿದೀಯಲ್ಲ.”

ಮಧ್ಯಾಹ್ನದೊಳಗೆ ಇಬ್ಬರೂ ಸೇರಿ ಬಿಚ್ಚಿದರು. ಮರುದಿನ ಗಾಡಿ ಮೊಣಕಾಲುದ್ದ ಹುಲ್ಲು ಹಾಸಿಕೊಂಡು ಹೊಳೆಯಾಚೆಯ ರಸ್ತೆಗೆ ಸುತ್ತಿ ಹೋಗಿ ಬಸ್ಸಿಗೆ ಕಾದು ನಿಂತಿತು. ಇಳಿಹೊತ್ತಿಗೆ ಬಂಗಾರಮ್ಮ ಮನೆ ಮುಟ್ಟಿದಳು.

ಆಮೇಲೆ ಒಂಬತ್ತು ದಿನ ಮಳೆಯೇ ಇಲ್ಲ. ಊರವರು ಸೊಂಟಮಟ್ಟದ ಕೆಸರುನೀರಿನಲ್ಲಿ ಹೊಳೆ ದಾಟುತ್ತ ಗುತ್ಯಪ್ಪನನ್ನು ಬೈದುಕೊಂಡರು. “ಎಲ್ಲೈತಪ್ಪ ನಿನ್ನ ನೆರೆ?” ಎಂದು ಬಂಗಾರಮ್ಮ ಈಸೂರಿನ ರಾಗದಲ್ಲಿ ಕೇಳಿದಳು. “ಬರ್ತದೆ. ಅದೇನು ಬಸ್ಸಾ, ಹೇಳಿದ ಹೊತ್ತಿಗೆ ಬರಕ್ಕೆ” ಎಂದ ಗುತ್ಯಪ್ಪ.

ಮುಂದಿನ ವರ್ಷಗಳಲ್ಲೂ ಹುಳ ಎದ್ದ ಮರುದಿನವೇ ಅವನು ಸಂಕ ಬಿಚ್ಚಿದ. ಆದರೆ ಹುಳ ಎದ್ದ ಸಂಜೆ ಮನೆಮನೆಯ ಬಾಗಿಲಿಗೆ ಹೋಗಿ, “ನಾಳೆ ಯಾರಾದ್ರೂ ಬರೋರಿದಾರೇನ್ರೀ?” ಎಂದು ಕೇಳುತ್ತಿದ್ದ. ಇದ್ದರೆ, ಅವರು ದಾಟುವವರೆಗೆ ಕಟ್ಟು ಕೊಯ್ಯುವ ಕತ್ತಿಯನ್ನು ಪಕ್ಕಕ್ಕಿಟ್ಟು ಸಂಕದ ಬುಡದಲ್ಲಿ ಕೂತಿರುತ್ತಿದ್ದ.