ಬಂಗುಡೆಗೆ ಸುತ್ತಿದ ಫಾಯಿಲ್

ಫೆಲಿಕ್ಸ್, ಆ ಬಾಟಲಿಗಳ ಫಾಯಿಲ್ ಬಿಚ್ಚಿದವನು ನಾನು. ನೀನಲ್ಲ — ನಾನು.

ತೊಂಬತ್ತರ ದಶಕ. ಗಲ್ಫಿನ ಅಲ್ ಮಬೇಲಾದಲ್ಲಿ ನೀರು ಪರೀಕ್ಷೆಯ ಲ್ಯಾಬು, ಅದರ ಕೆಳಗೇ ನಮ್ಮಿಬ್ಬರ ರೂಮು. ಫಿನ್‌ಲೆಂಡಿನಿಂದ ಸಂಶೋಧನೆಗೆ ಬಂದ ಮೇಡಂ ತಮ್ಮೂರಿನ ಸರೋವರದ ನೀರು ತಂದಿದ್ದರು — ಕೊಳೆತ ಎಲೆ, ಪಾಚಿ ಕರಗಿ ಹಾಲಿಲ್ಲದ ಸುಲೈಮಾನಿ ಚಹಾದ ಬಣ್ಣಕ್ಕೆ ತಿರುಗಿದ ನೀರು. ಕರಗಿದ್ದನ್ನು ನಮ್ಮ ಬಿಸಿಲು ಎಷ್ಟು ಬೇಗ ಒಡೆದು ತಿಳಿ ಮಾಡುತ್ತದೆ ಎಂದು ನೋಡುವುದಿತ್ತು. ತಾರಸಿಯಲ್ಲಿ ಅರ್ಧ ಬಾಟಲಿಗಳು ಬಿಸಿಲಿಗೆ, ಇನ್ನರ್ಧ ಫಾಯಿಲ್ ಸುತ್ತಿ ಕತ್ತಲೆಗೆ. ಕತ್ತಲೆಯವಕ್ಕೆ ಬೆಳಕು ತಾಗಿದರೆ ಹೋಲಿಸಲು ಏನೂ ಉಳಿಯುವುದಿಲ್ಲ. ನನಗೆ ಗೊತ್ತಿತ್ತು — ಚೆನ್ನಾಗಿಯೇ ಗೊತ್ತಿತ್ತು.

ಆ ಶುಕ್ರವಾರ, ಅಲ್ಲಿಯ ವಾರದ ರಜೆ, ನೀನು ಚರ್ಚಿಗೆ ಹೋಗಿದ್ದೆ. ನಿನ್ನ ಹೆಂಡತಿಗೆ ವೀಸಾ ಸಿಕ್ಕಿದ ಖುಷಿಗೆ ಬಂಗುಡೆ ಸುಡೋಣ ಎಂದವನು ನಾನೇ. ಮಸಾಲೆ ಅರೆದಾಯಿತು, ಫಾಯಿಲ್ ಇಲ್ಲ. ನಮಾಜಿನ ಹೊತ್ತು, ಅಂಗಡಿಗಳೆಲ್ಲ ಬಂದ್. ತಾರಸಿಯಲ್ಲಿ ಬೇಕಾದಷ್ಟಿತ್ತು. ಸಂಜೆ ಬೇರೆ ತಂದು ಸುತ್ತಿದರಾಯಿತು ಅಂದುಕೊಂಡೆ — ತಿಂದು ಮಲಗಿಬಿಟ್ಟೆ. "ಲಾಯ್ಕ್ ಆಗಿದೆ ಮಾರಾಯಾ," ಎಂದು ನೀನು ಮುಳ್ಳನ್ನೂ ಚೀಪಿದ್ದೆ.

ಶನಿವಾರ ಬೆಳಿಗ್ಗೆ ಮೇಡಂ ಬತ್ತಲೆ ಬಾಟಲಿಗಳ ಮುಂದೆ ಕೂತು ಅತ್ತರು. ಮ್ಯಾನೇಜರ್ ಕೇಳಿದಾಗ ನಾನು ಹೇಳಿದ್ದು ಒಂದೇ ಮಾತು: "ತಾರಸಿ ಬೀಗದ ಕೈ ಫೆಲಿಕ್ಸ್ ಹತ್ರ ಇರ್ತದೆ ಸರ್." ಸುಳ್ಳಲ್ಲ, ನೋಡು. ಥೂ, ಅದನ್ನೇ ಎಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಆ ಕೀ ನಿನ್ನ ದಿಂಬಿನ ಕೆಳಗಿಂದ ತೆಗೆದವನು ಯಾರೆಂದು ಮಾತ್ರ ಬಾಯಿ ಬಿಡಲಿಲ್ಲ.

"ಖಲಾಸ್," ಎಂದರು ಮ್ಯಾನೇಜರ್. ನಮ್ಮ ವೀಸಾಕ್ಕೆ ಜಾಮೀನು ನಿಂತ ಧಣಿ, ಆ ಕಫೀಲ್, ನಿನ್ನ ವೀಸಾ ರದ್ದು ಮಾಡಿದ. ಅದರ ಜೊತೆಗೆ ನಿನ್ನ ಹೆಂಡತಿಯದೂ ಹೋಯಿತು. ನನಗೆ ಆ ಕೆಲಸ ಕೊಡಿಸಿದವನೇ ನೀನು. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇದೇ.

ಸಿಟ್ಟು ನಿನ್ನ ಮೇಲೂ ಇದೆ, ಹೇಳಿಬಿಡುತ್ತೇನೆ. ಏರ್‌ಪೋರ್ಟಿನಲ್ಲಿ ನೀನು ಕೇಳಿದೆಯಲ್ಲ —

"ಮೀನಿಗೆ ಸುತ್ತಿದ ಫಾಯಿಲ್ ಎಲ್ಲಿಂದ ತಂದದ್ದು?"

"ಅಂಗಡಿಯಿಂದ," ಎಂದೆ ನಾನು.

"ಶುಕ್ರವಾರ ಮಧ್ಯಾಹ್ನವಾ?"

ಅಷ್ಟೇ. ಬ್ಯಾಗ್ ಎತ್ತಿಕೊಂಡು ಒಳಗೆ ಹೋದೆ ನೀನು. ಕೆನ್ನೆಗೊಂದು ಬಾರಿಸಬಾರದಿತ್ತೇ? ಅಲ್ಲೇ ಕೂಗಿ ನಾಲ್ಕು ಜನರನ್ನು ಸೇರಿಸಬಾರದಿತ್ತೇ? ಗೊತ್ತಿದ್ದೂ ನನ್ನನ್ನು ಹಾಗೇ ಬಿಟ್ಟು ಹೋದೆಯಲ್ಲ — ಆ ಸಿಟ್ಟೂ ನನ್ನ ಹೇಡಿತನದ್ದೇ, ಗೊತ್ತು.

ಬರುವ ವಾರ ನಿಮ್ಮ ಮನೆಗೆ ಬರುತ್ತೇನೆ. ನಿನಗಲ್ಲ, ನಿನ್ನ ಹೆಂಡತಿಗೆ ಹೇಳಬೇಕು. ನೀನು ಅವರಿಗೆ ಇದನ್ನು ಹೇಳಿರಲಿಕ್ಕಿಲ್ಲ. ಬಾಗಿಲು ಹಾಕಿಕೊಂಡರೆ ಅಂಗಳದ ಬಿಸಿಲಲ್ಲೇ ನಿಂತು ಹೇಳುತ್ತೇನೆ.