ಹೊಸ್ತಿಲ ಸಂದಿಯ ವೈರು

ಹುಲಿಗೆಮ್ಮನಿಗೆ ಕಳ್ಳಿ ಎಂಬ ಹೆಸರು ಬಂದದ್ದು ನನ್ನಿಂದ. ಎಂಟು ವರ್ಷ ಇದನ್ನು ಬಾಯಿ ಬಿಡದೆ ಇಟ್ಟುಕೊಂಡಿದ್ದೆ.

ಮನೆಗಳಿಗೆ ಕಳ್ಳರ ಅಲಾರಾಂ ಕೂರಿಸುವುದು ನನ್ನ ಕಸುಬು. ಅಲಾರಾಂ ಸುಮ್ಮಸುಮ್ಮನೆ ಬಡಕೊಂಡರೆ ಕಾರಣ ಏನು ಬೇಕಾದರೂ ಇರಬಹುದು — ಬ್ಯಾಟರಿ ಇಳಿದಿರಬಹುದು, ಇಲಿ ವೈರು ಕಡಿದಿರಬಹುದು, ಬಾಗಿಲ ಮ್ಯಾಗ್ನೆಟ್ ಸರಿದಿರಬಹುದು, ನಮ್ಮ ಹೊಸಪೇಟೆ ಬಿಸಿಲಿಗೆ ಕಟ್ಟಿಗೆ ಹಿಗ್ಗಿರಬಹುದು, ಕರೆಂಟು ಏರಿಳಿದಿರಬಹುದು, ಡಬ್ಬಿಯೊಳಗೆ ಹಲ್ಲಿ ಸಂಸಾರ ಹೂಡಿರಬಹುದು. ಇವನ್ನೆಲ್ಲ ಹುಲಿಗೆಮ್ಮ ಕೆಲಸಕ್ಕಿದ್ದ ಮನೆಯಲ್ಲಿ ಒಂದೊಂದಾಗಿ ನೋಡಿದೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ವಾಪಸ್ ಓಡುವ ಮನುಷ್ಯ ನಾನು. ಅನುಮಾನಪಡದೆ ಬಿಟ್ಟದ್ದು ನನ್ನ ಕೈಕೆಲಸವೊಂದನ್ನೇ.

ಮನೆ ಪಂಪಾಪತಿ ಸಾವ್ಕಾರರದು. ಕಂಪ್ಲಿಯಲ್ಲಿ ಅಕ್ಕಿ ಗಿರಣಿ. ಹತ್ತು ಗಂಟೆಗೆಲ್ಲ ಮನೆಮಂದಿ ಬೀಗ ಹಾಕಿ ಹೊರಡುತ್ತಿದ್ದರು. ಚಿತ್ತವಾಡ್ಗಿಯಿಂದ ಕೆಲಸಕ್ಕೆ ಬರುತ್ತಿದ್ದ ಹುಲಿಗೆಮ್ಮ ಮಂಗಳವಾರ, ಶುಕ್ರವಾರ ಅವರು ಹೊರಡುವ ಹೊತ್ತಿಗೆ ಹೊಸ್ತಿಲು ತೊಳೆದು, ಅರಿಶಿನ ಬಳಿದು ಹೋಗುತ್ತಿದ್ದಳು. ಆ ಎರಡು ದಿನವೇ, ಹನ್ನೊಂದರ ಸುಮಾರಿಗೆ, ಸೈರನ್. ಓಣಿಯೆಲ್ಲ ಬಾಗಿಲಿಗೆ. ನಾನು ಹೋಗಿ ಮೀಟರ್ ಹಚ್ಚುವಷ್ಟರಲ್ಲಿ ಎಲ್ಲ ಸರಿ.

ನಾಲ್ಕನೇ ಸಲ, ಒಂದು ಮಂಗಳವಾರ, ಸಾವ್ಕಾರರು ತಾಳ್ಮೆಗೆಟ್ಟು ಕೇಳಿದರು: “ಏನ್ರೀ ಇದು, ನಿಮ್ಮ ಮಷೀನಿಗೆ ಹುಚ್ಚು ಹಿಡದತೇನು?”

ಅವರ ಹಿಂದೆ ಅರ್ಧ ಓಣಿ ನಿಂತಿತ್ತು. ಗೊತ್ತಾಗಲಿಲ್ಲ ಅನ್ನಬಹುದಿತ್ತು — ಅನ್ನಲಿಲ್ಲ.

“ಮಷೀನು ಸರಿ ಐತ್ರಿ. ಬಾಗಿಲಾನ ಯಾರೋ ದೂಡಿ ನೋಡ್ಯಾರ.”

ಇಷ್ಟೇ. ಹೆಸರು ಹೇಳಲಿಲ್ಲ ಎಂದು ಬಹಳ ದಿನ ಸಮಾಧಾನ ಹೇಳಿಕೊಂಡೆ. ಹೇಳುವ ಅಗತ್ಯ ಎಲ್ಲಿತ್ತು? ಆಕೆ ಬಂದ ದಿನವೇ ಬಡಕೊಳ್ಳುತ್ತದೆ, ಮನೆ ಖಾಲಿಯಾಗುವ ಹೊತ್ತು ಆಕೆಗೆ ಗೊತ್ತು — ಓಣಿಯವರು ಲೆಕ್ಕ ಕೂಡಿಸಿಕೊಂಡರು. ಮರುದಿನವೇ ಸಾವ್ಕಾರರು ಹುಲಿಗೆಮ್ಮನನ್ನು ಕೆಲಸದಿಂದ ಬಿಡಿಸಿದರು. ವಾರದೊಳಗೆ ಆಕೆ ಕೆಲಸಕ್ಕಿದ್ದ ಓಣಿಯ ಉಳಿದ ಮನೆಗಳವರೂ.

ಸಾವ್ಕಾರರು ಆಕೆಯನ್ನು ಬಿಡಿಸಿದ ಮೇಲಿನ ಮೊದಲ ಶುಕ್ರವಾರವೇ ಬ್ಯಾಟರಿ ಬದಲಿಸಲು ಹೋಗಿದ್ದೆ. ಹೊಸ್ತಿಲನ್ನು ಸಾವ್ಕಾರರ ತಾಯಿಯೇ ತೊಳೆಯುತ್ತಿದ್ದರು. ಚೌಕಟ್ಟು ಲಕ್ಷ್ಮಿ ಬರುವ ದಾರಿ, ತೂತು ಹೊಡೆಯಬೇಡ ಎಂದು ಹಟ ಹಿಡಿದು, ವೈರನ್ನು ಕೆಳಗೆ ಹೊಸ್ತಿಲ ಸಂದಿಯಲ್ಲಿ ಎಳೆಸಿದ್ದವರು ಅವರೇ. ಸುರಿದ ನೀರು ಆ ಸಂದಿಯಲ್ಲಿ ಇಂಗಿಹೋಯಿತು. ಅಜ್ಜಿ ಕುಂಕುಮಕ್ಕೆಂದು ಒಳಹೋದಾಗ ವೈರು ಎತ್ತಿ ನೋಡಿದೆ — ನಾನೇ ಸುತ್ತಿದ ಟೇಪು ಉಬ್ಬಿ ಬಿಚ್ಚಿಕೊಂಡಿತ್ತು, ಒಳಗೆ ಹಸಿ ಅರಿಶಿನ. ತೊಳೆದಾಗ ನೀರು ಇಳಿಯುತ್ತದೆ, ಒಂದು ತಾಸಿಗೆ ಅಲಾರಾಂ ಬಡಕೊಳ್ಳುತ್ತದೆ, ನಾನು ಬರುವಷ್ಟರಲ್ಲಿ ಒಣಗುತ್ತದೆ. ಹೊಸ ವೈರು ಎಳೆದೆ. ಯಾರಿಗೂ ಹೇಳಲಿಲ್ಲ.

ಅಂದಿನಿಂದ ಅಲಾರಾಂ ಸುಮ್ಮನಾಯಿತು. ಆ ಮೌನವೇ ಆಕೆಯ ಮೇಲೆ ಸಾಕ್ಷಿಯಾಯಿತು! “ಆಕಿ ಹೋದ ಮ್ಯಾಲೆ ಒಮ್ಮೆರ ಬಡಕೊಂಡತೇನು?” ಎಂದರು ಸಾವ್ಕಾರರು. ಇಲ್ಲ ಎಂದು ತಲೆಯಾಡಿಸಿದೆ.

ಹುಲಿಗೆಮ್ಮ ತೋರಣಗಲ್ಲಿನಲ್ಲಿ ಕಂತ್ರಾಟಿನ ಕಸ ಗುಡಿಸುವ ಕೆಲಸಕ್ಕೆ ಸೇರಿದಳು. ದಾರಿಯಲ್ಲಿ ಕಂಡರೆ ಬಾರದ ಫೋನನ್ನು ಕಿವಿಗೆ ಒತ್ತಿಕೊಂಡು ದಾಟುತ್ತಿದ್ದೆ.

ಹೋದ ತಿಂಗಳು ಸಾವ್ಕಾರರು ಸಂಡೂರಿನ ಬೀಗರಿಗೆ ನನ್ನನ್ನು ಪರಿಚಯಿಸಿದರು: “ನಮ್ಮ ಮನಿ ಕಳ್ಳೀನ ಹಿಡದಿದ್ದು ಇವ್ರ ಅಲಾರಾಮೇ ರೀ. ಭಾಳ ಛಲೋ ಕೆಲಸ.” ಕಳ್ಳತನವೇ ಆಗದ ಮನೆಯ ಕಳ್ಳಿ — ಅದರ ಮೇಲೆ ನನಗೆ ಬೀಗರ ಮನೆಯ ಹೊಸ ಕೆಲಸ. ತಪ್ಪು ನನ್ನ ವೈರಿನದು ಎಂದು ಅಲ್ಲೇ ಹೇಳಿಬಿಟ್ಟೆ.

ಸಾವ್ಕಾರರ ಮುಖ ಗಂಟಾಯಿತು. “ಈಗ್ಯಾಕ್ರಿ ಅದು? ಆಕಿ ಮರ್ತಿರ್ತಾಳ. ನಿಮ್ಮ ಅನ್ನಕ್ಕ ನೀವ ಕಲ್ಲು ಹಾಕ್ಕೋತೀರಿ.”

ಹಾಕಿಕೊಳ್ಳುತ್ತೇನೆ. ಹೊಟ್ಟೆಪಾಡು ಎಂದು ಆಕೆಯ ಪಾಡು ಕೆಡಿಸಿದ್ದು ಸಾಕು.

ಚಿತ್ತವಾಡ್ಗಿಗೆ ಹೋದೆ. ಹುಲಿಗೆಮ್ಮ ಬಾಗಿಲಲ್ಲೇ ನಿಲ್ಲಿಸಿ ಪೂರ್ತಿ ಕೇಳಿದಳು.

“ನನಗ್ಯಾಕ ಹೇಳ್ತೀಯಪ್ಪಾ? ನಾ ಏನೂ ಮಾಡಿಲ್ಲ ಅನ್ನೋದು ನನಗೇನು ಹೊಸಾದಾ? ಆ ಓಣಿಯಾಗ ಹೇಳು, ಮನಿ ಮನಿಗೆ ಹೋಗಿ.” ನನ್ನ ಕಣ್ಣು ನೋಡಿ ಸೇರಿಸಿದಳು: “ಇಲ್ಲಿ ನಿಂತು ಅಳಬ್ಯಾಡ. ನನ್ನ ಬಸ್ಸಿನ ಹೊತ್ತಾತು.”

ಕ್ಷಮಿಸಲಿಲ್ಲ. ಕ್ಷಮೆ ಕೇಳುವ ಮುಖ ನನಗೂ ಇರಲಿಲ್ಲ.

ಹನ್ನೊಂದು ಮನೆಗಳ ಓಣಿ. ಆರು ಮನೆಯಲ್ಲಿ ಹೇಳಿ ಮುಗಿಸಿದ್ದೇನೆ. ಒಬ್ಬರು ನಕ್ಕರು, ಒಬ್ಬರು ಮುಖದ ಮೇಲೆ ಬಾಗಿಲು ಹಾಕಿದರು; ಇಬ್ಬರು ನನ್ನ ಅಲಾರಾಂ ಕಿತ್ತಿಸುತ್ತಾರಂತೆ. ಕಿತ್ತಿಸಲಿ. ಉಳಿದ ಐದು ಬಾಗಿಲನ್ನೂ ಬಡಿಯುವವನೇ. ಈ ಎಂಟು ವರ್ಷದಲ್ಲಿ ಓಣಿ ಬಿಟ್ಟು ಹೋದವರಿದ್ದರೆ ಅವರೂ ಓದಲಿ ಎಂದು ಇಲ್ಲಿ ಬರೆದಿದ್ದೇನೆ. ಹಾಗಾದರೆ ಆಗಿದ್ದೇನು ಎಂದು ಎಲ್ಲರೂ ಕೇಳುತ್ತಾರೆ. ಹೇಳುತ್ತೇನೆ: ಅಲಾರಾಂ ಕೂರಿಸಿದ ದಿನ ಗೇಣುದ್ದ ವೈರು ಸಾಲದೆ ಬಂದಿತ್ತು, ಒಂದು ತುಂಡು ಜೋಡಿಸಿ ಬರೀ ಟೇಪು ಸುತ್ತಿದೆ, ಬೆಸುಗೆ ಹಾಕಲಿಲ್ಲ.