ಮಗ್ಗ ನಿಲ್ಲಿಸಿದ ನನ್ನ ಮೆಸೇಜು

ಈಗಷ್ಟೇ ನನ್ನ ಚಿಗವ್ವನ, ಅಂದರೆ ಚಿಕ್ಕಮ್ಮನ, ಮಗ್ಗದ ಸದ್ದು ನಿಂತಿತು. ಎಳೆ ಹರಿದಿರಬೇಕು, ಅಷ್ಟೇ. ಆದರೂ ಪಕ್ಕದ ಮನೆಯ ಅಜ್ಜಿ ಆಗಲೇ ಹೊಸ್ತಿಲಿಗೆ ಬಂದು ನಿಂತಿದ್ದಾರೆ. ನಮ್ಮ ಓಣಿಯೇ ಹಾಗೆ: ನಡುಹಗಲಲ್ಲಿ ಯಾರದಾದರೂ ಮಗ್ಗ ನಿಂತರೆ, ಏನೋ ಆಗಿದೆ ಎಂದು ನೆರೆಯವರು ತಮ್ಮ ಮಗ್ಗ ಬಿಟ್ಟು ಬರುತ್ತಾರೆ. ಈ ಪದ್ಧತಿಯನ್ನು ಇಂಟರ್‌ನೆಟ್ಟಿಗೆ ಜೋಡಿಸಿದ ಜಗತ್ತಿನ ಮೊದಲ ಹುಡುಗಿ ನಾನು. ನಗಬೇಡಿ, ಪೂರ್ತಿ ಕೇಳಿ.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಚಿಗವ್ವ ನಮ್ಮೂರು ಇಳಕಲ್ಲಿನ ಒಂದು ನೇಕಾರರ ಸಂಘದ ಚುನಾವಣೆಗೆ ನಿಂತು ಮೂರು ಮತಗಳಿಂದ ಸೋತಳು. ಸೋತದ್ದಕ್ಕಲ್ಲ, ಬಾಗಿಲು ಹಾಕಿಕೊಂಡು ಎಣಿಸಿದ್ದಕ್ಕೆ ಅವಳಿಗೆ ಸಿಟ್ಟು. ಅದೇ ಸಂಜೆ ಐದಕ್ಕೆ ಮತಪೆಟ್ಟಿಗೆ ಬಾಗಲಕೋಟೆಯ ಜಿಲ್ಲಾ ಕಚೇರಿಗೆ ಹೋಗಿಬಿಟ್ಟರೆ ಮರುಎಣಿಕೆಯ ಮಾತೇ ಇಲ್ಲ.

"ನಾಕ ಮಂದಿ ಹೋದ್ರ ಯಾರ ಕಿವ್ಯಾಗ ಹಾಕ್ಕೋತಾರ?" ಎಂದಳು.

"ಮಂದೀನ್ನ ನಾ ಕೂಡಸ್ತೇನಿ ಬಿಡ, ಚಿಗವ್ವ" ಎಂದು ಇಂಟರ್‌ನೆಟ್ ಸೆಂಟರಿಗೆ ಓಡಿದೆ. ಅಲ್ಲಿನ ಕಂಪ್ಯೂಟರ್ ಶುರುವಾಗುವಷ್ಟರಲ್ಲಿ ಒಂದು ಸೀರೆ ನೇಯಬಹುದಿತ್ತು. ನಮ್ಮ ಕಡೆಯವರ ಆನ್‌ಲೈನ್ ಗುಂಪಿನಲ್ಲಿ ಬರೆದೆ: "ಮತ್ತೊಮ್ಮೆ ಎಣಿಸಬೇಕು! ನಾಲ್ಕಕ್ಕೆ ಸಂಘದ ಕಚೇರಿಗೆ ಬನ್ನಿ!"

ಲಕ್ಷ ಜನ ಓದಿದರು. ಸರಿ, ಮೂವರು. ಬಾದಾಮಿಯವನೊಬ್ಬ "ಕೆಂಪ ದಡಿ ಸೀರಿ ಸಿಗ್ತಾವೇನ್ರಿ?" ಎಂದ. ಹುನಗುಂದದವನೊಬ್ಬ ನನ್ನ ಫೋಟೋ ಕೇಳಿದ. ಮೂರನೆಯವನು ಸೊಲ್ಲಾಪುರದಲ್ಲಿ ಕೆಲಸಕ್ಕಿದ್ದ, ನಮ್ಮ ಹಿಂದಿನ ಓಣಿಯ ಈರಣ್ಣ. ಅವನು ಉತ್ತರ ಬರೆಯಲಿಲ್ಲ. ತನ್ನ ಅವ್ವನಿಗೆ ಫೋನ್ ಮಾಡಿದ.

ಫೋನ್ ಎತ್ತಲು ಅವಳು ಮಗ್ಗ ನಿಲ್ಲಿಸಿದಳು. "ಏನಾತವಾ?" ಎನ್ನುತ್ತ ಪಕ್ಕದವಳು ಬಂದಳು, ಅವಳ ಮಗ್ಗ ನಿಂತದ್ದಕ್ಕೆ ಅದರಾಚೆಯವಳು. ನಾನು ಸೆಂಟರಿನಿಂದ ಹೊರಬರುವಾಗ ನನ್ನ ಕಿವಿಯೇ ಕೆಟ್ಟಿತೋ ಎನ್ನುವಷ್ಟು ಊರು ಸುಮ್ಮನಾಗಿತ್ತು. ನಾಲ್ಕಕ್ಕೆ ಕಚೇರಿಯ ಮುಂದೆ ಸಾವಿರ ಹೆಂಗಸರು. ನೀವು ನಂಬುವುದಿಲ್ಲವೆಂದು ನೂರು ಎನ್ನುತ್ತೇನೆ.

"ಬಾಗಲಾ ತಗದು ಎಣಸ್ರಿ, ಸಾಹೇಬ್ರ" ಎಂದಳು ಚಿಗವ್ವ.

"ನಾಳೆ ಬರ್ರಿ" ಎಂದರು ಚುನಾವಣಾ ಅಧಿಕಾರಿ.

"ಮಗ್ಗ ನಿಲ್ಲಿಸಿ ಬಂದೇವ್ರಿ. ಎಣಸೂತನಕ ಏಳಂಗಿಲ್ಲ" ಎಂದು ಚಿಗವ್ವ ಮೆಟ್ಟಿಲ ಮೇಲೇ ಕೂತಳು, ಅವಳ ಹಿಂದೆ ಎಲ್ಲರೂ ಕೂತರು.

ಬಾಗಿಲು ತೆರೆಯಿತು. ಎಲ್ಲರೆದುರು ಎಣಿಸಿದರು. ಮೂರಲ್ಲ, ಒಂದೇ ಮತದಿಂದ ಸೋತಿದ್ದಳು. ನಾನು ಅಳತೊಡಗಿದೆ.

"ಅಳ್ತಿ ಯಾಕವಾ? ಈಗ ಸೋತದ್ದು ಖರೆ ಆತು" ಎಂದಳು ಚಿಗವ್ವ.

ಆಗ ಈರಣ್ಣನ ಅವ್ವ ಸೆರಗು ಸರಿಮಾಡಿಕೊಂಡು ಅಂದಳು: "ನನ್ನ ವೋಟು ಆ ಗೆದ್ದವರಿಗೇ ಬಿದ್ದೈತಿ. ನೀವ್ಯಾರೂ ವೋಟು ಕೇಳಾಕ ನಮ್ಮನಿಗೆ ಬಂದಿರಲಿಲ್ಲಲ್ಲ! ಆದ್ರ ಎಣಕಿ ಮಾತ್ರ ಚೊಕ್ಕ ಆಗಬೇಕು, ಅದಕ್ಕ ಬಂದೆ."

ಅಂದಿನಿಂದ ಸಂಘದ ಎಣಿಕೆ ಬಾಗಿಲು ತೆರೆದೇ ನಡೆಯುತ್ತಿದೆ. ಬರುವ ವಾರ ಮತ್ತೆ ಚುನಾವಣೆ, ಚಿಗವ್ವ ಮತ್ತೆ ನಿಂತಿದ್ದಾಳೆ. ಗುಂಪಿನಲ್ಲಿ ಆಮೇಲೆ ಬರೆದರಾಯಿತು. ಮೊದಲು ಈರಣ್ಣನ ಅವ್ವನ ಮನೆಗೆ ಹೊರಟಿದ್ದೇನೆ.